ಮೂರು ಹಸು ಕಂದು ಹಾಕಿದ ಮನೆ: ಒಂದು ಪ್ರಕರಣ ಅಧ್ಯಯನ

ಹಳೇ ಮೈಸೂರು ಸೀಮೆಯ ಒಂದು ಹಳ್ಳಿ. ಆ ಊರಿನ ಒಂದು ಮನೆಯಲ್ಲಿ ದಸರಾದಿಂದ ಸಂಕ್ರಾಂತಿ ಕಳೆಯುವಷ್ಟರಲ್ಲಿ ಮೂರು ಹಸು ಕಂದು ಹಾಕಿದವು, ಅಂದರೆ ತಿಂಗಳು ತುಂಬುವ ಮೊದಲೇ ಗರ್ಭ ಕಳೆದುಕೊಂಡವು. ಅದೇ ಹೊತ್ತಿನಲ್ಲಿ ಅದೇ ಮನೆಯ ಇಬ್ಬರು ಕಾಯಿಲೆ ಬಿದ್ದರು. ಎರಡಕ್ಕೂ ಕಾರಣ ಒಂದೇ, ಬ್ರುಸೆಲ್ಲೋಸಿಸ್ ಅನ್ನುವ ಕಂದುರೋಗ, ಅಂತ ಗೊತ್ತಾಗಲು ನಾಲ್ಕು ತಿಂಗಳು ಹಿಡಿಯಿತು. ನಾನು ಆಗ ಆ ಭಾಗದ ಪಶು ಆಸ್ಪತ್ರೆಯ ವೈದ್ಯ. ತಡ ಆಗಿದ್ದರಲ್ಲಿ ನನ್ನ ಪಾಲೂ ಇದೆ. ಎಲ್ಲಿ ತಪ್ಪಿತು, ಯಾವಾಗ ದಾರಿ ಸಿಕ್ಕಿತು ಅನ್ನೋದನ್ನು ಬಿಡಿಸಿ ಬರೆಯುತ್ತಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ದನದ ಡಾಕ್ಟರುಗಳು, ಹಳ್ಳಿ ಕಡೆ ಜನರಿಗೆ ಔಷಧಿ ಕೊಡುವ ಡಾಕ್ಟರುಗಳು, ಹಸು ಕಟ್ಟಿದ ಮನೆಯವರು ಓದಲಿ ಅಂತ ನನ್ನ ಆಸೆ. ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ.

ಮನೆ, ಕೊಟ್ಟಿಗೆ

ಮನೆಯಲ್ಲಿ ಆರು ಜನ. ಐವತ್ತು ದಾಟಿದ ಯಜಮಾನರು, ಅವರ ಹೆಂಡತಿ, ವಯಸ್ಸಾದ ತಾಯಿ, ಮಗ, ಸೊಸೆ, ಆರು ವರ್ಷದ ಮೊಮ್ಮಗ. ಸ್ವಲ್ಪ ರಾಗಿ ಹೊಲ, ಒಂದಿಷ್ಟು ತೆಂಗು. ಮಳೆ ಕೈಕೊಟ್ಟ ವರ್ಷವೂ ಒಲೆ ಉರಿಯುತ್ತಿದ್ದದ್ದು ಹಾಲಿನ ದುಡ್ಡಿನಿಂದ. ನಾಲ್ಕು ಮಿಶ್ರತಳಿ ಹಸು, ಎರಡು ಕಡಸು, ಒಂದು ಹೆಣ್ಣು ಕರು. ಬೆಳಿಗ್ಗೆ, ಸಂಜೆ ಡೈರಿಗೆ ಹಾಲು ಹೋಗುತ್ತಿತ್ತು. ಜೊತೆಗೆ ಊರೊಳಗೆ ನಾಲ್ಕು ಮನೆಗೆ ವರ್ತನೆ ಹಾಲು, ಅಂದರೆ ದಿನಾ ತಪ್ಪದೆ ಕೊಡುವ ಹಾಲು.

ಶ್ರಾವಣದಲ್ಲಿ ಸಂತೆಯಿಂದ ಇನ್ನೊಂದು ಹಸು ತಂದರು. ಆರು ತಿಂಗಳ ಗಬ್ಬ, ಎರಡನೇ ಸೂಲು ಅಂತ ಮಾರಿದವನು ಹೇಳಿದ್ದ. ಹಲ್ಲು ನೋಡಿದರು, ಸುಳಿ ನೋಡಿದರು, ಕೆಚ್ಚಲು ಮುಟ್ಟಿ ನೋಡಿದರು. ರಕ್ತ ಪರೀಕ್ಷೆ ಮಾಡಿಸಲಿಲ್ಲ. ಅವರೊಬ್ಬರೇ ಅಲ್ಲ, ನಾನು ನೋಡಿದ ಸಂತೆಗಳಲ್ಲಿ ಯಾರೂ ಮಾಡಿಸುವುದಿಲ್ಲ. ತಂದ ದಿನವೇ ಅದನ್ನು ಉಳಿದ ಹಸುಗಳ ಸಾಲಿನಲ್ಲಿ ಕಟ್ಟಿದರು. ಒಂದೇ ಗೊಂತು, ಒಂದೇ ನೀರಿನ ತೊಟ್ಟಿ.

ಈ ಹಸುವನ್ನು ಮುಂದೆ ‘ಸಂತೆ ಹಸು’ ಅಂತಲೇ ಕರೆಯುತ್ತೇನೆ.

ಮೊದಲ ಎರಡು ಸಲ

ದಸರಾ ಹತ್ತಿರ ಇತ್ತು. ಬೆಳಿಗ್ಗೆ ಮಗ ಫೋನ್ ಮಾಡಿದ. “ಸಂತೆ ಹಸು ಕಂದು ಹಾಕದೆ ಡಾಕ್ಟ್ರೇ. ಕಸ ಬಿದ್ದಿಲ್ಲ, ಬೇಗ ಬನ್ನಿ.” ಹೋದೆ. ಎಂಟು ತಿಂಗಳ ಕರು, ಸತ್ತು ಬಿದ್ದಿತ್ತು. ನಾನು ಕೈಗವಸು ಹಾಕಿಕೊಂಡು ಕಸ, ಅಂದರೆ ಕರುವಿನ ಹಿಂದೆ ಬೀಳಬೇಕಾದ ಮಾಸನ್ನು ತೆಗೆದೆ. ಗರ್ಭಕೋಶದೊಳಗೆ ಮಾತ್ರೆ ಇಟ್ಟೆ, ಇಂಜೆಕ್ಷನ್ ಕೊಟ್ಟೆ. ಹಿಂದಿನ ದಿನ ಪಕ್ಕದ ಹಸು ಇದಕ್ಕೆ ಗುದ್ದಿತ್ತು ಅಂತ ಮನೆಯವರು ಹೇಳಿದರು. ನನಗೂ ಹೌದೆನ್ನಿಸಿತು. ಆಸ್ಪತ್ರೆಯ ಪುಸ್ತಕದಲ್ಲಿ ‘ಗರ್ಭಪಾತ, ಪೆಟ್ಟಿನಿಂದ ಇರಬಹುದು’ ಅಂತ ಬರೆದೆ. ರಕ್ತ ತೆಗೆಯಲಿಲ್ಲ.

ನಾನು ಕೈ ತೊಳೆಯುವಾಗ ಯಜಮಾನರು ಬರಿಗೈಯಲ್ಲೇ ಮಾಸನ್ನು ಬಾಚಿ ಗೋಣಿಚೀಲಕ್ಕೆ ತುಂಬಿದರು. ನಮ್ಮ ಕಡೆ ಹಸು ಈದ ಮೇಲೆ ಮಾಸನ್ನು ಆಲದ ಮರಕ್ಕೆ ಕಟ್ಟುವ ಪದ್ಧತಿ ಇದೆ. ಆಲ ಹಾಲು ಸುರಿಸುವ ಮರ ಅಲ್ವಾ, ಹಸುವಿಗೂ ಹಾಲು ಜಾಸ್ತಿ ಆಗಲಿ ಅಂತ ಆ ನಂಬಿಕೆ. ಕಂದು ಹಾಕಿದ ಹಸುವಿನ ಮಾಸನ್ನೂ ಹಾಗೇ ಕಟ್ಟಿದರು. ಸತ್ತ ಕರುವನ್ನು ತಿಪ್ಪೆಯ ಪಕ್ಕ ಮೇಲೆ ಮೇಲೆ ಹೂತರು. ರಾತ್ರಿ ನಾಯಿಗಳು ಅಗೆದವು. ನಾಯಿಗಳ ವಿಷಯ ಬಿಟ್ಟರೆ ಇದೆಲ್ಲ ನನ್ನ ಕಣ್ಣೆದುರೇ ಆಗಿದ್ದು. ‘ಕೈಗೆ ಕವರಾದರೂ ಹಾಕಿಕೊಳ್ಳಿ’ ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ರಾಗಿ ಕಣದ ಕೆಲಸ ನಡೆಯುವ ಹೊತ್ತಿಗೆ ಮನೆಯಲ್ಲೇ ಹುಟ್ಟಿ ಬೆಳೆದ ಇನ್ನೊಂದು ಹಸು ಏಳನೇ ತಿಂಗಳಲ್ಲಿ ಕಂದು ಹಾಕಿತು. ಈ ಸಲ ನನಗೆ ಅನುಮಾನ ಬಂತು. ಅವತ್ತೇ ರಕ್ತ ತೆಗೆದು, ಕಂದುರೋಗ ಇದೆಯಾ ಅಂತ ನೋಡುವ ರೋಸ್ ಬೆಂಗಾಲ್ ಪರೀಕ್ಷೆಗೆ ಕಳಿಸಿದೆ. ನೆಗೆಟಿವ್ ಬಂತು. ನನಗೆ ನಿರಾಳವಾಯಿತು.

ನನ್ನ ದೊಡ್ಡ ತಪ್ಪು ಇಲ್ಲೇ ಆಯಿತು. ಕಂದು ಹಾಕಿದ ದಿನ ತೆಗೆದ ರಕ್ತ ನೆಗೆಟಿವ್ ಬಂದರೆ ಅದನ್ನು ನಂಬಿ ಕೂರಬಾರದು. ರೋಗಾಣುವಿಗೆ ಎದುರಾಗಿ ರಕ್ತದಲ್ಲಿ ಹುಟ್ಟುವ ಪ್ರತಿಕಾಯ ಆ ಹೊತ್ತಿಗೆ ಪರೀಕ್ಷೆಗೆ ಸಿಗುವಷ್ಟು ಇಲ್ಲದೆ ಇರಬಹುದು. ಎರಡು ಮೂರು ವಾರ ಬಿಟ್ಟು ಮತ್ತೆ ತೆಗೆಯಬೇಕು. ಇದನ್ನು ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದರೆ ಬೇಗ ಮುಗಿಸಬೇಕಾದ ಕೇಸುಗಳ ಸಾಲು ಎದುರಿಗಿದ್ದಾಗ ‘ನೆಗೆಟಿವ್’ ಅನ್ನೋ ಒಂದು ಪದ ಸಿಕ್ಕರೆ ಮನಸ್ಸು ಅಲ್ಲಿಗೇ ಕೈಬಿಡುತ್ತದೆ. ಸಂತೆ ಹಸುವಿನ ರಕ್ತ ಅವತ್ತೇ ತೆಗೆದಿದ್ದರೂ ಉತ್ತರ ಸಿಗುತ್ತಿತ್ತು. ಅದು ಕಂದು ಹಾಕಿ ಎರಡು ತಿಂಗಳಾಗಿತ್ತು. ಎರಡು ಹೆಜ್ಜೆ ಆಚೆ ನಿಂತು ಹುಲ್ಲು ಮೇಯುತ್ತಿತ್ತು.

ಕೈ ತೊಳೆಯುವಾಗ ಕೇಳಿದ ಮಾತು

ಸಂಕ್ರಾಂತಿಗೆ ಹಸುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕಿಚ್ಚು ಹಾಯಿಸಿದರು. ಅದಾಗಿ ಎರಡು ವಾರಕ್ಕೆ ಮೊದಲ ಸಲ ಗಬ್ಬ ಆಗಿದ್ದ ಕಡಸು ಕಂದು ಹಾಕಿತು. ಮೂರನೆಯದು. ದಾರಿಯುದ್ದಕ್ಕೂ ನನಗೆ ಹೊಟ್ಟೆಯಲ್ಲಿ ಸಂಕಟ.

ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದೆ. ಯಜಮಾನರ ಹೆಂಡತಿ ನೀರು ಹುಯ್ಯುತ್ತಾ, “ನಮ್ಮನೆಗೆ ಏನೋ ಆಗದೆ ಡಾಕ್ಟ್ರೇ. ದನಕ್ಕೆ ಹಿಂಗೆ. ಇವ್ರಿಗೆ ನೋಡಿದ್ರೆ ದೀಪಾವಳಿಯಿಂದ ಸಂಜೆ ಆದ್ರೆ ಜ್ವರ. ಟೈಫಾಯ್ಡ್ ಅಂತಾರೆ, ವಾಸಿನೇ ಆಗ್ತಿಲ್ಲ” ಅಂದರು.

ಅವರು ಅದನ್ನು ನನಗೆ ರೋಗದ ವಿವರ ಅಂತ ಹೇಳಲಿಲ್ಲ. ಮನೆಗೆ ಕೆಟ್ಟ ಕಾಲ ಬಂದಿದೆ ಅನ್ನೋ ನೋವಿನಲ್ಲಿ ಹೇಳಿದರು. ನಾನು ಸೋಪು ಕೆಳಗಿಟ್ಟು ಯಜಮಾನರನ್ನು ಕರೆಸಿದೆ. ಅವರು ಕಂಬಳಿ ಹೊದ್ದು ಬಂದರು. ದಸರಾದಲ್ಲಿ ನೋಡಿದ್ದಕ್ಕಿಂತ ತುಂಬಾ ಇಳಿದುಹೋಗಿದ್ದರು. ಬೆಳಿಗ್ಗೆ ಸರಿ ಇರುತ್ತೆ, ಸಂಜೆ ಚಳಿ ಬಂದು ಜ್ವರ ಏರುತ್ತೆ, ರಾತ್ರಿ ಬೆವರಿ ಹಾಸಿಗೆ ಒದ್ದೆಯಾಗುತ್ತೆ, ಸೊಂಟ ಹಿಡಿದುಕೊಂಡಿದೆ, ಕೂತರೆ ಏಳಕ್ಕಾಗಲ್ಲ. ಟೈಫಾಯ್ಡ್ ಇದೆಯಾ ಅಂತ ನೋಡುವ ವಿಡಾಲ್ ಪರೀಕ್ಷೆ ಎರಡು ಸಲ ‘ಪಾಸಿಟಿವ್’ ಬಂದಿತ್ತು. ಎರಡು ಸಲವೂ ಟೈಫಾಯ್ಡ್‌ಗೆ ಔಷಧಿ ಕೊಟ್ಟಿದ್ದರು. ಔಷಧಿ ತಗೊಂಡಷ್ಟು ದಿನ ಜ್ವರ ಸ್ವಲ್ಪ ಇಳಿಯುತ್ತಿತ್ತು, ನಿಲ್ಲಿಸಿದರೆ ಮತ್ತೆ ಶುರು. ಆಮೇಲೆ ಕ್ಷಯ ಇರಬಹುದು ಅಂತ ಎಕ್ಸ್‌ರೇ, ಕಫ ಪರೀಕ್ಷೆ. ಏನೂ ಸಿಗಲಿಲ್ಲ. ಮೂರು ತಿಂಗಳಲ್ಲಿ ನಾಲ್ಕು ಕಡೆ ತೋರಿಸಿದ್ದರು. ‘ಮನೆಯಲ್ಲಿ ಹಸು ಇದೆಯಾ, ಹೇಗಿವೆ’ ಅಂತ ಒಬ್ಬರೂ ಕೇಳಿರಲಿಲ್ಲ.

ನಾನೂ ಆ ಮನೆಗೆ ಅಷ್ಟು ಸಲ ಹೋಗಿದ್ದೆ. ‘ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯಾ’ ಅಂತ ಒಮ್ಮೆಯೂ ಕೇಳಿರಲಿಲ್ಲ.

ಆಗ ಔಷಧಿ ಚೀಟಿಯ ಮೇಲೆ ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ ನಾಲ್ಕು ಸಾಲು ಬರೆದುಕೊಟ್ಟೆ. ‘ಇವರ ಮನೆಯಲ್ಲಿ ನಾಲ್ಕು ತಿಂಗಳಲ್ಲಿ ಮೂರು ಹಸು ಗರ್ಭ ಕಳೆದುಕೊಂಡಿವೆ. ಇವರು ಬರಿಗೈಯಲ್ಲಿ ಮಾಸು ಮುಟ್ಟಿದ್ದಾರೆ. ಬ್ರುಸೆಲ್ಲೋಸಿಸ್ ಇರಬಹುದು ಅಂತ ನನ್ನ ಅನುಮಾನ. ದಯವಿಟ್ಟು ಪರೀಕ್ಷೆ ಮಾಡಿಸಿ.’ ಈ ಪ್ರಕರಣದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗವಾದದ್ದು ಆ ಚೀಟಿ. ಆ ಡಾಕ್ಟರು ಸಂಜೆಯೇ ನನಗೆ ಫೋನ್ ಮಾಡಿದರು. ರಕ್ತವನ್ನು ದೊಡ್ಡ ಆಸ್ಪತ್ರೆಯ ಲ್ಯಾಬಿಗೆ ಕಳಿಸಿದರು. ಅನುಮಾನ ಏನು ಅಂತ ಲ್ಯಾಬಿನವರಿಗೆ ಮೊದಲೇ ತಿಳಿಸಿದರು. ಇದು ಸಣ್ಣ ವಿಷಯ ಅಲ್ಲ. ಈ ರೋಗಾಣುವನ್ನು ಗೊತ್ತಿಲ್ಲದೆ ಲ್ಯಾಬಿನಲ್ಲಿ ಬೆಳೆಸಿ, ಅಲ್ಲಿ ಕೆಲಸ ಮಾಡುವವರೇ ಕಾಯಿಲೆ ಬಿದ್ದ ಉದಾಹರಣೆಗಳು ಎಷ್ಟೋ ಇವೆ.

ರೋಗದ ಬಗ್ಗೆ ಸ್ವಲ್ಪ

ನಮ್ಮ ಇಲಾಖೆಯವರು ಇದಕ್ಕೆ ಕಂದುರೋಗ ಅನ್ನುತ್ತಾರೆ. ಹಸು, ಎಮ್ಮೆಯಲ್ಲಿ ಹೆಚ್ಚಾಗಿ ಬರುವ ರೋಗಾಣು ಬ್ರುಸೆಲ್ಲಾ ಅಬಾರ್ಟಸ್. ಕುರಿ, ಮೇಕೆಯಲ್ಲಿ ಬ್ರುಸೆಲ್ಲಾ ಮೆಲಿಟೆನ್ಸಿಸ್, ಮನುಷ್ಯರಿಗೆ ಅದು ಇನ್ನೂ ಜೋರು. ಡೇವಿಡ್ ಬ್ರೂಸ್ ಅನ್ನುವ ಸೇನಾ ವೈದ್ಯರು 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ಗುಲ್ಮದಿಂದ (ಸ್ಪ್ಲೀನ್) ಈ ರೋಗಾಣುವನ್ನು ಬೇರ್ಪಡಿಸಿದರು. ಅದು ಎಲ್ಲಿಂದ ಬರುತ್ತೆ ಅಂತ ಗೊತ್ತಾಗಲು ಇನ್ನೂ 18 ವರ್ಷ ಬೇಕಾಯಿತು. 1905ರಲ್ಲಿ ಮಾಲ್ಟಾದವರೇ ಆದ ಥೆಮಿಸ್ಟೊಕ್ಲಿಸ್ ಝಮ್ಮಿತ್, ಮೇಕೆಗಳಲ್ಲಿ ಅದನ್ನು ಕಂಡುಹಿಡಿದರು. ಸೈನಿಕರಿಗೆ ಮೇಕೆ ಹಾಲು ಕೊಡುವುದನ್ನು 1906ರಲ್ಲಿ ನಿಲ್ಲಿಸಿದ ಮೇಲೆ ಅವರಲ್ಲಿ ಜ್ವರ ತಟ್ಟನೆ ಇಳಿಯಿತು. ಅಲ್ಲಿನ ಮೇಕೆಗಳು ನೋಡಲು ಆರೋಗ್ಯವಾಗೇ ಇದ್ದವು. ಈ ರೋಗದ ಕಷ್ಟ ಇವತ್ತಿಗೂ ಅದೇ.

ಹಸು ಕಂದು ಹಾಕಿದಾಗ ಕರು, ಮಾಸು, ಗರ್ಭದ ನೀರು, ಎಲ್ಲದರಲ್ಲೂ ರೋಗಾಣು ಲೆಕ್ಕವಿಲ್ಲದಷ್ಟು ಇರುತ್ತದೆ. ಬಿಸಿಲಿಗೆ ಬಿದ್ದರೆ ಕೆಲವು ಗಂಟೆಗಳಲ್ಲಿ ಸಾಯುತ್ತದೆ. ನೆರಳು, ತೇವ, ತಿಪ್ಪೆಯಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಕೈಯ ಸಣ್ಣ ಗಾಯದಿಂದ, ಕಣ್ಣಿಗೆ ಹಾರಿದ ಹನಿಯಿಂದ, ಉಸಿರಿನಿಂದ, ಹಸಿ ಹಾಲಿನಿಂದ ನಮಗೆ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಬರುವುದು ಬಹಳ ಅಪರೂಪ.

ಜನಕ್ಕೆ ಒಂದು ಸಂಗತಿಯನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಒಮ್ಮೆ ಕಂದು ಹಾಕಿದ ಹಸು ಮುಂದಿನ ಸಲ ಬಹುಪಾಲು ತಿಂಗಳು ತುಂಬಿಯೇ ಈಯುತ್ತದೆ. ಆಗ ಎಲ್ಲರೂ ರೋಗ ಹೋಯಿತು ಅಂದುಕೊಳ್ಳುತ್ತಾರೆ. ಹೋಗಿರುವುದಿಲ್ಲ. ಹಾಲಿನಲ್ಲಿ, ಈಯುವಾಗಿನ ಮಾಸಿನಲ್ಲಿ ರೋಗಾಣು ಬರುತ್ತಲೇ ಇರುತ್ತದೆ. ಹಸುವಿಗೆ ಇದನ್ನು ವಾಸಿ ಮಾಡುವ ಔಷಧಿ ಕೊಡುವ ಪದ್ಧತಿ ಇಲ್ಲ.

ನೊರೆಹಾಲು

ಮರುದಿನ ಎಲ್ಲ ದನಗಳ ರಕ್ತ ತೆಗೆದೆ. ರಕ್ತದಿಂದ ಬೇರ್ಪಡುವ ತಿಳಿ ದ್ರವದ, ಅಂದರೆ ಸೀರಮ್ಮಿನ, ಒಂದು ಹನಿಗೆ ಗುಲಾಬಿ ಬಣ್ಣದ ಆಂಟಿಜೆನ್ (ಸತ್ತ ರೋಗಾಣುವಿನ ದ್ರಾವಣ) ಒಂದು ಹನಿ ಬೆರೆಸಿ ನಾಲ್ಕು ನಿಮಿಷ ಅಲ್ಲಾಡಿಸಬೇಕು. ಸಂತೆ ಹಸುವಿನದು ನಿಮಿಷ ತುಂಬುವ ಮೊದಲೇ ಹರಳುಗಟ್ಟಿತು, ಅಂದರೆ ಪಾಸಿಟಿವ್. ಎರಡನೇ ಹಸು, ಡಿಸೆಂಬರಿನಲ್ಲಿ ನೆಗೆಟಿವ್ ಬಂದಿದ್ದು, ಈಗ ಪಾಸಿಟಿವ್. ಕಡಸೂ ಪಾಸಿಟಿವ್. ಇವುಗಳ ಜೊತೆ ಒಂದೂ ಸಲ ಕಂದು ಹಾಕದ, ಮನೆಯಲ್ಲೇ ಜಾಸ್ತಿ ಹಾಲು ಕೊಡುವ ಹಸು ಕೂಡ ಪಾಸಿಟಿವ್. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಮಾದರಿ ಕಳಿಸಿದೆವು. ಪ್ರತಿಕಾಯ ಹುಡುಕುವ ಇನ್ನೊಂದು ಪರೀಕ್ಷೆ, ಎಲಿಸಾದಲ್ಲೂ ಅದೇ ನಾಲ್ಕು.

ಯಜಮಾನರ ವರದಿಯೂ ಬಂತು. ಬ್ರುಸೆಲ್ಲೋಸಿಸ್. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಒಂಟಿಯಾಗಿ ಕೂರಿಸಿಕೊಂಡು ನೇರವಾಗಿ ಕೇಳಿದ ಮೇಲೆ ಅವರು ಇನ್ನೊಂದು ಸಂಗತಿ ಹೇಳಿದರು. ಒಂದು ವೃಷಣ ಊದಿಕೊಂಡು ನೋಯುತ್ತಿತ್ತು. ನಾಚಿಕೆಯಿಂದ ಹೆಂಡತಿಗೂ ಹೇಳಿರಲಿಲ್ಲ. ಈ ರೋಗದಲ್ಲಿ ಗಂಡಸರಿಗೆ ಹಾಗೆ ಆಗುವುದುಂಟು. ಡಾಕ್ಟರು ಬಾಯಿಬಿಟ್ಟು ಕೇಳದಿದ್ದರೆ ಅದು ಹೊರಗೆ ಬರುವುದಿಲ್ಲ.

ಮನೆಯ ಉಳಿದವರನ್ನೂ ಪರೀಕ್ಷೆ ಮಾಡಿ ಅಂತ ಡಾಕ್ಟರು ಹೇಳಿದಾಗ ಯಾರೂ ಮಗುವಿನ ಬಗ್ಗೆ ಯೋಚಿಸಿರಲಿಲ್ಲ. ಅವನು ಕೊಟ್ಟಿಗೆ ಕೆಲಸ ಮಾಡುವವನಲ್ಲ. ಆದರೆ ಒಂದು ತಿಂಗಳಿಂದ ಕುಂಟುತ್ತಿದ್ದ. ಮಂಡಿ ಊದಿತ್ತು. ಆಟ ಆಡುವಾಗ ಬಿದ್ದಿರಬೇಕು ಅಂತ ಎಣ್ಣೆ ಹಚ್ಚುತ್ತಿದ್ದರು. ಅವನದೂ ಪಾಸಿಟಿವ್ ಬಂತು.

ಕಾರಣ ಅಜ್ಜಿಯ, ಅಂದರೆ ಯಜಮಾನರ ತಾಯಿಯ, ಹಿತ್ತಾಳೆ ಲೋಟದಲ್ಲಿತ್ತು. ಕರೆಯುವಾಗ ಅಜ್ಜಿ ಮರಿಮೊಮ್ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕೆಚ್ಚಲಿಂದ ನೇರವಾಗಿ ಲೋಟಕ್ಕೆ ಕರೆದ ಬೆಚ್ಚನೆ ನೊರೆಹಾಲು ಕುಡಿಸುತ್ತಿದ್ದರು. ಗಟ್ಟಿ ಆಗಲಿ ಅಂತ. ನಮ್ಮ ಸೀಮೆಯಲ್ಲಿ ನೊರೆಹಾಲು ಕುಡಿದು ಬೆಳೆದೆ ಅನ್ನುವುದು ಹೆಮ್ಮೆಯ ಮಾತು. ಗರಡಿಯಲ್ಲಿ ಸಾಮು ಮಾಡುವವರೂ ಕುಡಿಯುತ್ತಿದ್ದರು. ದಸರಾ ಆದ ಮೇಲೆ ಆ ಲೋಟಕ್ಕೆ ಬರುತ್ತಿದ್ದದ್ದು ಸಂತೆ ಹಸುವಿನ ಹಾಲು.

ವಿಷಯ ಗೊತ್ತಾದ ದಿನ ಅಜ್ಜಿ ಜಗಲಿ ಮೇಲೆ ಕೂತು ಅತ್ತರು. “ನಾನೇ ಕೊಟ್ಟೆ ಕಣಪ್ಪಾ. ಈ ಕೈಯಿಂದಲೇ ಕೊಟ್ಟೆ” ಅಂದರು. ಅವರನ್ನು ಸಮಾಧಾನ ಮಾಡಲು ನನಗೆ ಮಾತು ಸಿಗಲಿಲ್ಲ. ಅವರ ತಪ್ಪು ಅಂತ ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವರಲ್ಲಿ ನಾನೇ ಮೊದಲಿಗ.

ಒಂದು ಸಮಾಧಾನ ಇತ್ತು. ಮನೆಯ ಉಳಿದವರು ಕಾಫಿ, ಮೊಸರು, ಮಜ್ಜಿಗೆಗೆ ಬಳಸುತ್ತಿದ್ದದ್ದು ಕುದಿಸಿದ ಹಾಲು. ನಮ್ಮ ಅಡುಗೆಮನೆಗಳಲ್ಲಿ ಹಾಲನ್ನು ಉಕ್ಕಿಸಿಯೇ ಇಳಿಸುತ್ತಾರೆ, ಹೆಪ್ಪು ಹಾಕುವುದೂ ಕಾಯಿಸಿದ ಹಾಲಿಗೇ. 63 ಡಿಗ್ರಿಯಲ್ಲಿ ಅರ್ಧ ಗಂಟೆ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸಿದರೆ ಈ ರೋಗಾಣು ಉಳಿಯುವುದಿಲ್ಲ. ಪಾಶ್ಚರೀಕರಣ ಅಂದರೆ ಅಷ್ಟೇ. ಮನೆಯಲ್ಲಿ ಒಂದು ಉಕ್ಕು ಬಂದ ಹಾಲು ಅದನ್ನೂ ಮೀರಿ ಬಿಸಿಯಾಗಿರುತ್ತದೆ.

ಕೈತಪ್ಪಿದ ಹಸು

ಹೆಬ್ಬಾಳದ ವರದಿ ಬಂದ ದಿನ ನಾನು ಮಗನಿಗೆ ಫೋನಿನಲ್ಲೇ ಹೇಳಿಬಿಟ್ಟೆ. “ನಾಲ್ಕೂ ಪಾಸಿಟಿವ್. ಹಾಲು ಡೈರಿಗೆ ಹಾಕಬೇಡಿ. ಯಾವುದನ್ನೂ ಮಾರಬೇಡಿ. ನಾಳೆ ಬರ್ತೀನಿ.”

ನಾಳೆ ಹೋಗುವಷ್ಟರಲ್ಲಿ ಒಂದು ಹಸು ಇರಲಿಲ್ಲ. ಕಂದು ಹಾಕದ, ನೋಡಲು ಲಕ್ಷಣವಾಗಿದ್ದ ಆ ಹಸು. ರಾತ್ರಿ ವ್ಯಾಪಾರಿ ಬಂದು ಅರ್ಧ ಬೆಲೆಗೆ ಹೊಡೆದುಕೊಂಡು ಹೋಗಿದ್ದ. ಮಗ ತಲೆ ಎತ್ತದೆ ನಿಂತಿದ್ದ. “ಸಾಲ ಕಟ್ಟಬೇಕು ಡಾಕ್ಟ್ರೇ. ಹಾಲೂ ಹಾಕಬೇಡಿ, ಮಾರಲೂ ಬೇಡಿ ಅಂದ್ರೆ ನಾವೇನು ತಿನ್ನೋಣ?” ಅಂದ.

ಕಾನೂನು ಅವನ ಪರ ಇರಲಿಲ್ಲ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪಟ್ಟಿಯಲ್ಲಿ ಈ ರೋಗವೂ ಇದೆ, ರೋಗ ಇರುವ ದನವನ್ನು ಸಂತೆಗೆ ಹೊಡೆಯುವಂತಿಲ್ಲ. ಆದರೆ ಅವನ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಪುಸ್ತಕದಲ್ಲಿ ಇರುವ ಉತ್ತರ ಎಂದರೆ ಪರೀಕ್ಷೆ ಮಾಡಿ ಪಾಸಿಟಿವ್ ಹಸುವನ್ನು ಕೊಲ್ಲುವುದು. ನಮ್ಮಲ್ಲಿ ಅದು ಆಗದ ಮಾತು. ಗೋಶಾಲೆಗೆ ಬಿಟ್ಟರೆ ಅಲ್ಲಿರುವ ಹಸುಗಳಿಗೆ ರೋಗ ಕೊಟ್ಟಂತೆ. ಕೈಗೆ ಪರಿಹಾರದ ದುಡ್ಡೂ ಬರುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಏನು ಮಾಡಬಾರದು ಅನ್ನುವುದನ್ನು ಮಾತ್ರ ಫೋನಿನಲ್ಲಿ ಹೇಳಿದ್ದೆ. ಏನು ಮಾಡಬಹುದು ಅನ್ನುವುದನ್ನು ಮರುದಿನಕ್ಕೆ ಇಟ್ಟಿದ್ದೆ. ಎರಡನ್ನೂ ಒಟ್ಟಿಗೆ, ಎದುರಿಗೆ ಕೂತು ಹೇಳಬೇಕಿತ್ತು.

ಮೇಲಿನವರಿಗೆ ತಿಳಿಸಿದೆ. ವ್ಯಾಪಾರಿಯನ್ನು ಹುಡುಕಿದೆವು. ಅವನು ಎರಡು ಸಂತೆ ದಾಟಿಸಿ ಮಾರಿದ್ದ. ಕಿವಿಯ ಹಳದಿ ಓಲೆಯ 12 ಅಂಕಿಯ ನಂಬರ್ ನಮ್ಮ ಹತ್ತಿರ ಇತ್ತು. ಹಸು ಸಿಗಲಿಲ್ಲ. ಅದು ಎಲ್ಲೋ ಒಂದು ಕೊಟ್ಟಿಗೆಯಲ್ಲಿ ‘ಸಂತೆ ಹಸು’ ಆಗಿರುತ್ತದೆ ಅಂತ ನೆನೆದರೆ ಈಗಲೂ ನಿದ್ದೆ ಬರುವುದಿಲ್ಲ.

ಊರಿಗೆ ಹೇಳುವುದು ಹೇಗೆ

ಉಳಿದ ಮೂರು ಪಾಸಿಟಿವ್ ಹಸುಗಳನ್ನು ತೋಟದ ಮನೆಯ ಹತ್ತಿರ ಬೇರೆ ಚಪ್ಪರ ಹಾಕಿ ಕಟ್ಟಿದರು. ಅವುಗಳನ್ನು ಕೊನೆಗೆ ಕರೆಯುವುದು, ಬಕೆಟ್ ಬೇರೆ, ಚಪ್ಪಲಿ ಬೇರೆ. ಹಾಲಿಗೆ ದಾರಿ ತೋರಿಸಿದವರು ಯಜಮಾನರ ಹೆಂಡತಿ. “ಕುದಿಸಿ, ಹೆಪ್ಪು ಹಾಕಿ, ಬೆಣ್ಣೆ ತೆಗೆದು ಕಾಯಿಸ್ತೀನಿ. ತುಪ್ಪಕ್ಕೆ ಏನಾಗ್ತದೆ ಹೇಳಿ?” ಅಂದರು. ಏನೂ ಆಗುವುದಿಲ್ಲ. ಎರಡು ಸಲ ಬೆಂಕಿ ಕಂಡ ಪದಾರ್ಥ ಅದು. ಡೈರಿ ಬಟವಾಡೆಯಷ್ಟು ದುಡ್ಡು ಅದರಲ್ಲಿ ಬರಲಿಲ್ಲ, ಆದರೆ ಸಾಲದ ಕಂತು ನಿಲ್ಲಲಿಲ್ಲ. ಈ ಮಾತು ನನಗೆ ಒಂದು ದಿನ ಮೊದಲು ಹೊಳೆದಿದ್ದರೆ ಆ ನಾಲ್ಕನೇ ಹಸು ಉಳಿಯುತ್ತಿತ್ತೇನೋ.

ವರ್ತನೆ ಹಾಲು ಕೊಂಡವರಿಗೆ ಹೇಳಲೇಬೇಕಿತ್ತು. ನಾನು ಹೇಳಿದರೆ ಮನೆಯ ಗುಟ್ಟು ಬಯಲು ಮಾಡಿದಂತೆ, ಹೇಳದಿದ್ದರೆ ಅವರ ಮಕ್ಕಳ ಆರೋಗ್ಯದ ಪ್ರಶ್ನೆ. ಇದನ್ನು ಯಜಮಾನರ ಮುಂದೆಯೇ ಇಟ್ಟೆ. ಅವರು ಜ್ವರದಲ್ಲೇ ಎದ್ದು ನಾಲ್ಕೂ ಮನೆಗೆ ಹೋಗಿ, “ನಮ್ಮ ಹಸೀಗೆ ಹಿಂಗಾಗದೆ. ಇಲ್ಲೀಗಂಟ ಕಾಯಿಸದೆ ಕುಡಿದಿದ್ರೆ ಡಾಕ್ಟ್ರಿಗೆ ತೋರ್ಸಿ” ಅಂತ ಹೇಳಿಬಂದರು. ನಾಲ್ಕೂ ಮನೆಯಲ್ಲಿ ಕಾಯಿಸಿಯೇ ಕುಡಿಯುತ್ತಿದ್ದರು. ಯಾರಿಗೂ ಏನೂ ಆಗಿರಲಿಲ್ಲ.

ಡೈರಿ ಕಾರ್ಯದರ್ಶಿ ಹೆದರಿದ್ದರು. ಊರಿನ ಹಾಲೇ ಬೇಡ ಅಂದುಬಿಟ್ಟರೆ ಅಂತ ಅವರ ಭಯ. ಹೀಗಾಗಿ ಒಂದು ಮನೆಯ ಮಾತು ಎತ್ತದೆ ಎಲ್ಲ ಸದಸ್ಯರ ಹಾಲನ್ನೂ ಪರೀಕ್ಷೆ ಮಾಡುವುದು ಅಂತ ತೀರ್ಮಾನಿಸಿದೆವು. ಮಿಲ್ಕ್ ರಿಂಗ್ ಪರೀಕ್ಷೆ ಸುಲಭ, ಅಗ್ಗ. ಸಣ್ಣ ಕೊಳವೆಯಲ್ಲಿ ಒಂದು ಮಿಲಿ ಹಾಲು, ಒಂದು ಹನಿ ನೀಲಿ ಆಂಟಿಜೆನ್, ಮೈಬಿಸಿಯಷ್ಟು ಶಾಖದಲ್ಲಿ ಒಂದು ಗಂಟೆ. ರೋಗ ಇದ್ದರೆ ಮೇಲೆ ತೇಲುವ ಕೆನೆ ನೀಲಿ ಉಂಗುರವಾಗುತ್ತದೆ, ಕೆಳಗಿನ ಹಾಲು ಬೆಳ್ಳಗಾಗುತ್ತದೆ. ಸಂಜೆ ಹಾಲು ಹಾಕಲು ಬಂದವರು ಕ್ಯಾನ್ ಹಿಡಿದುಕೊಂಡು ಕೊಳವೆಗಳ ಸಾಲನ್ನೇ ನೋಡುತ್ತಾ ನಿಂತರು. ನಾನು ಎಷ್ಟು ಭಾಷಣ ಮಾಡಿದ್ದರೂ ಆ ನೀಲಿ ಉಂಗುರ ಹೇಳಿದಷ್ಟು ಹೇಳಲಾಗುತ್ತಿರಲಿಲ್ಲ. ಬೇರೆ ಎರಡು ಮನೆಯ ಹಾಲಿನಲ್ಲಿ ಉಂಗುರ ಬಂತು. ರಕ್ತ ನೋಡಿದಾಗ ಒಂದು ಮನೆಯ ಹಸುವಿಗೆ ಕಂದುರೋಗ ಇರಲಿಲ್ಲ, ಕೆಚ್ಚಲು ಬಾವು ಇತ್ತು. ಕೆಚ್ಚಲು ಬಾವಿನ ಹಾಲು, ಗಿಣ್ಣು ಹಾಲು ಈ ಪರೀಕ್ಷೆಯಲ್ಲಿ ಮೋಸ ಮಾಡುತ್ತವೆ. ರಕ್ತ ಪರೀಕ್ಷೆ ಆಗುವ ತನಕ ಯಾರ ಹೆಸರೂ ಹೇಳಬಾರದು ಅಂತ ಮೊದಲೇ ಹಟ ಹಿಡಿದಿದ್ದು ಒಳ್ಳೆಯದಾಯಿತು. ಇನ್ನೊಂದು ಮನೆಯ ಹಸುವಿಗೆ ರೋಗ ಇತ್ತು.

ಅದೇ ವಾರ ಊರಿನ ಹೆಣ್ಣು ಕರುಗಳಿಗೆ ಲಸಿಕೆ ಹಾಕಿದೆವು. ಎಸ್-19 ಲಸಿಕೆಯನ್ನು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುವಿಗೆ ಜೀವನದಲ್ಲಿ ಒಂದೇ ಸಲ ಹಾಕುವುದು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದನ್ನು ಪುಕ್ಕಟೆ ಹಾಕುತ್ತಾರೆ. ಹಿಂದಿನ ಸಲ ತಂಡ ಬಂದಾಗ ಈ ಮನೆಯವರು ತಮ್ಮ ಕಡಸನ್ನು ಹೊಲದಲ್ಲೇ ಬಿಟ್ಟಿದ್ದರು. ಲಸಿಕೆ ಹಾಕಿದರೆ ಮುಂದೆ ಗಬ್ಬ ನಿಲ್ಲಲ್ಲ ಅಂತ ಯಾರೋ ಸುಮ್ನೆ ಹಬ್ಬಿಸಿದ್ದರು. ಅದೇ ಕಡಸು ಈಗ ಮೊದಲ ಗಬ್ಬವನ್ನೇ ಕಳೆದುಕೊಂಡಿತ್ತು.

ಆ ದಿನ ಒಂದು ಕರು ತಲೆ ಒದರಿ, ನಮ್ಮ ಸಹಾಯಕನ ಬೆರಳಿಗೆ ಲಸಿಕೆಯ ಸೂಜಿ ಚುಚ್ಚಿತು. ಇದು ಜೀವಂತ ಲಸಿಕೆ, ಮನುಷ್ಯರಿಗೆ ರೋಗ ತರಬಲ್ಲದು. ಅವನು ‘ಏನಾಗಲ್ಲ ಬಿಡಿ ಸಾರ್’ ಅಂದ. ಬಿಡಲಿಲ್ಲ. ಅದೇ ಡಾಕ್ಟರ ಹತ್ತಿರ ಕಳಿಸಿದೆ, ಮೂರು ವಾರ ಮಾತ್ರೆ ಕೊಟ್ಟರು. ನಾವಿಬ್ಬರೂ ಪರೀಕ್ಷೆಗೆ ರಕ್ತ ಕೊಟ್ಟೆವು. ಆಮೇಲೂ ಕೆಲವು ತಿಂಗಳು ಬಿಟ್ಟು ಬಿಟ್ಟು ಕೊಟ್ಟೆವು. ಇಬ್ಬರಿಗೂ ಏನೂ ಬರಲಿಲ್ಲ.

ಮೂರನೇ ವಾರದಲ್ಲಿ ನಿಂತ ಮಾತ್ರೆ

ಯಜಮಾನರಿಗೆ ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್, ಆರು ವಾರ. ಮಗು ಎಂಟು ವರ್ಷದೊಳಗಿನವನಾದ್ದರಿಂದ ಅವನಿಗೆ ಡಾಕ್ಸಿಸೈಕ್ಲಿನ್ ಬದಲು ಕೋಟ್ರೈಮಾಕ್ಸಜೋಲ್, ಜೊತೆಗೆ ರಿಫಾಂಪಿಸಿನ್. ಹತ್ತು ದಿನಕ್ಕೆ ಯಜಮಾನರ ಜ್ವರ ಬಿಟ್ಟಿತು. ಊಟ ಸೇರಿತು. ನಾವೆಲ್ಲ ಗೆದ್ದೆವು ಅಂದುಕೊಂಡೆವು.

ಮೂರನೇ ವಾರ ಅವರು ಮಾತ್ರೆ ನಿಲ್ಲಿಸಿದರು. ನಮಗೆ ಗೊತ್ತಾಗಲಿಲ್ಲ. ರಿಫಾಂಪಿಸಿನ್‌ನಿಂದ ಮೂತ್ರ ಕೆಂಪು ಕಿತ್ತಳೆ ಬಣ್ಣ ಆಗಿತ್ತು. ರಕ್ತ ಹೋಗುತ್ತಿದೆ ಅಂತ ಹೆದರಿದ್ದರು. ಮಾತ್ರೆ ಮುಗಿದು ಔಷಧಿ ಅಂಗಡಿಗೆ ಹೋದಾಗ ಯಾರೋ “ಇದು ಟೀಬಿ ಮಾತ್ರೆ ಅಲ್ವಾ” ಅಂದಿದ್ದರು. ಊರಲ್ಲಿ ಟೀಬಿ ಅಂತ ಸುದ್ದಿ ಆದರೆ ಗತಿ ಏನು? ಹೇಗೂ ಜ್ವರ ಬಿಟ್ಟಿದೆ, ಸಾಕು ಅಂತ ಬಿಟ್ಟರು.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಸಂಜೆ ಜ್ವರ ಮತ್ತೆ ಬಂತು. ಸೊಂಟ ನೋವು ಮೊದಲಿಗಿಂತ ಜಾಸ್ತಿ. ಎರಡನೇ ಸಲ ಡಾಕ್ಟರು ಡಾಕ್ಸಿಸೈಕ್ಲಿನ್ ಜೊತೆ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಕೊಟ್ಟರು. ದಿನಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಚುಚ್ಚಿಸಿಕೊಳ್ಳಬೇಕಿತ್ತು. ಆಶಾ ಕಾರ್ಯಕರ್ತೆ ವಾರಕ್ಕೆರಡು ಸಲ ಬಂದು ಮಾತ್ರೆ ಎಣಿಸುತ್ತಿದ್ದರು. ಈ ಸಲ ಮುಗಿಸಿದರು. ಜ್ವರ ಮತ್ತೆ ಬಂದಿಲ್ಲ. ಸೊಂಟ ಪೂರ್ತಿ ಸರಿಹೋಗಿಲ್ಲ, ಭಾರ ಎತ್ತಲಾಗುವುದಿಲ್ಲ. ಮಗುವಿಗೆ ಮಾತ್ರ ಅವನ ತಾಯಿ ಒಂದು ಹೊತ್ತೂ ತಪ್ಪದೆ ಆರು ವಾರ ಔಷಧಿ ಕುಡಿಸಿದ್ದಳು. ಅವನು ಓಡಾಡಿಕೊಂಡಿದ್ದಾನೆ.

‘ಮೂತ್ರ ಕೆಂಪಾಗುತ್ತೆ, ಹೆದರಬೇಡಿ. ಇದು ಟೀಬಿಗೂ ಕೊಡುವ ಮಾತ್ರೆ, ಆದರೆ ನಿಮಗೆ ಟೀಬಿ ಇಲ್ಲ. ಜ್ವರ ಬಿಟ್ಟರೂ ಆರು ವಾರ ತಗೊಳ್ಳಿ.’ ಮೊದಲ ದಿನವೇ ಹೇಳಬೇಕಾಗಿದ್ದ ಮೂರು ಮಾತು. ಆ ಡಾಕ್ಟರೂ ನಾನೂ ಈಗ ಇದನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಚೀಟಿಗೆ ಪಿನ್ ಮಾಡುತ್ತೇವೆ.

ಆಲದ ಮರದ ಬುಡ

ರೋಗ ಗೊತ್ತಾಗುವ ಹೊತ್ತಿಗೆ ಸಂತೆ ಹಸುವಿಗೆ ಮತ್ತೆ ಗರ್ಭ ಕಟ್ಟಿಸಿ ಆಗಿತ್ತು. ಮುಂದಿನ ದಸರಾ ಹತ್ತಿರ ಬಂದಂತೆ ನಾನು ಎರಡು ಮೂರು ಸಲ ಹೋಗಿ ತಯಾರಿ ನೋಡಿದೆ. ಉದ್ದ ಕೈಗವಸು, ಬೂಟು, ಮೂಗು ಬಾಯಿಗೆ ಬಟ್ಟೆ, ಬ್ಲೀಚಿಂಗ್ ಪುಡಿ, ಸುಣ್ಣ. ಎಲ್ಲಕ್ಕೂ ಒಪ್ಪಿದ ಅಜ್ಜಿ ಮಾಸಿನ ವಿಷಯದಲ್ಲಿ ಒಪ್ಪಲಿಲ್ಲ. ಆಲದ ಮರಕ್ಕೆ ಕಟ್ಟದಿದ್ದರೆ ಹಾಲು ಬತ್ತುತ್ತೆ ಅಂದರು. ವಾದ ಮಾಡಿ ಪ್ರಯೋಜನ ಇರಲಿಲ್ಲ. ಮರದ ಕೊಂಬೆ ಬೇಡ, ಮರದ ಬುಡಕ್ಕೇ ಕೊಡೋಣ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, “ಬೇರಿಗೆ ಹೋದ್ರೂ ಮರಕ್ಕೇ ಹೋದಂಗೆ” ಅಂತ ಒಪ್ಪಿದರು. ಬಾವಿಯಿಂದ ದೂರ ಇತ್ತು ಆ ಮರ. ಆಳುದ್ದ ಗುಂಡಿ ತೆಗೆಸಿದರು.

ಹಸು ತಿಂಗಳು ತುಂಬಿ ಈದಿತು. ಹೆಣ್ಣು ಕರು. ಅಕ್ಕಪಕ್ಕದವರು ನೋಡಿ ರೋಗ ಹೋಯ್ತಲ್ಲ ಅಂದರು. ಯಜಮಾನರೇ, “ಹೋಗಿಲ್ಲ, ದೂರ ನಿಂತ್ಕಳಿ” ಅಂದರು. ಮಗ ಕೈಗವಸು ಹಾಕಿಕೊಂಡು ಮಾಸನ್ನು ಚೀಲಕ್ಕೆ ತುಂಬಿ, ಗುಂಡಿಯಲ್ಲಿ ಸುಣ್ಣ ಸುರಿದು ಮುಚ್ಚಿದ. ಆ ಸಲ ಗಿಣ್ಣನ್ನು ಯಾರ ಮನೆಗೂ ಹಂಚಲಿಲ್ಲ.

ಕರುವಿಗೆ ಐದನೇ ತಿಂಗಳಲ್ಲಿ ಲಸಿಕೆ ಹಾಕಿದೆವು. ಆದರೆ ರೋಗ ಇರುವ ತಾಯಿಗೆ ಹುಟ್ಟಿದ ಕೆಲವು ಕರುಗಳಲ್ಲಿ ರೋಗಾಣು ಅಡಗಿ ಕೂರುತ್ತದೆ. ರಕ್ತ ಪರೀಕ್ಷೆಗೆ ಸಿಗದೆ, ಮೊದಲ ಸಲ ಈಯುವಾಗಲೇ ಹೊರಗೆ ಬರುವುದುಂಟು. ಆ ಕರು ಈಗ ಕಡಸಾಗಿ ಗಬ್ಬ ಆಗಿದೆ, ಆರು ತಿಂಗಳು ತುಂಬಿದೆ. ನನಗೆ ಬೇರೆ ತಾಲ್ಲೂಕಿಗೆ ವರ್ಗ ಆಗಿದೆ. ಹೊಸದಾಗಿ ಬಂದ ಡಾಕ್ಟರಿಗೆ ಅದರ ಕಿವಿಯ ನಂಬರ್ ಬರೆದುಕೊಟ್ಟು ಬಂದಿದ್ದೇನೆ. ಮಗನೂ ಮೊನ್ನೆ ಫೋನ್ ಮಾಡಿದ್ದ. ಗುಂಡಿ ಈಗಲೇ ತೆಗೆಸಿಟ್ಟಿದ್ದಾನಂತೆ.